ನಕ್ಷೆಯ ಮೇಲಿನ ಚುಕ್ಕೆ, ಅಮ್ಮನ ಕ್ಯಾಲೆಂಡರ್

(ವಿಡಿಯೋದಲ್ಲಿ ಆಡಿದ ಮಾತುಗಳ ಬರಹರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ಇಲ್ಲಿ ಡಾಕರ್ ಬಳಸೋರು ಎಷ್ಟು ಜನ ಇದ್ದೀರಿ, ಸ್ವಲ್ಪ ಕೈ ಎತ್ತಿ. ಸರಿ, ಕೈ ಎತ್ತದೇ ಇರೋರನ್ನ ಎಣಿಸೋದೇ ಸುಲಭ!

ಡಾಕರ್ ಲೋಗೋ ನೆನಪು ಮಾಡ್ಕೊಳ್ಳಿ. ಒಂದು ನೀಲಿ ತಿಮಿಂಗಿಲ, ಅದರ ಬೆನ್ನ ಮೇಲೆ ಒಂದರ ಮೇಲೊಂದು ಕಂಟೇನರ್. ಕುಬರ್ನೆಟೀಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿದವನು. ಹೆಲ್ಮ್ ಅಂದರೂ ಚುಕ್ಕಾಣಿನೇ. ಎಸಿ ರೂಮಲ್ಲಿ ಕೂತು ಸಮುದ್ರ ನೋಡದೇ ಕೆಲಸ ಮಾಡೋ ನಾವು, ದಿನಾ ಬೆಳಗಾದರೆ ಬಂದರಿನ ಭಾಷೆ ಮಾತಾಡ್ತೀವಿ. ಆ ಕಲ್ಪನೆ ಸಾಲ ತಂದದ್ದೇ ಬಂದರಿನಿಂದ. 1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್ ಕಡೆಗೆ ಐಡಿಯಲ್ ಎಕ್ಸ್ ಅನ್ನೋ ಹಡಗು 58 ಪೆಟ್ಟಿಗೆ ಹೊತ್ತು ಹೊರಟಿತು. ಅದರ ಹಿಂದೆ ಇದ್ದವರು ಮಾಲ್ಕಮ್ ಮೆಕ್ಲೀನ್, ಲಾರಿ ವ್ಯವಹಾರದಲ್ಲಿ ಬೆಳೆದ ಮನುಷ್ಯ. ಒಳಗೆ ಏನಿದೆ ಅಂತ ಯಾರೂ ಬಿಚ್ಚಿ ನೋಡಬೇಕಾಗಿಲ್ಲ, ಪೆಟ್ಟಿಗೆಯ ಅಳತೆ ಒಂದೇ ಇದ್ದರೆ ಸಾಕು. ಇವತ್ತು ಜಗತ್ತಿನ ವ್ಯಾಪಾರದ ಸರಕಿನಲ್ಲಿ, ಪ್ರಮಾಣದ ಲೆಕ್ಕದಲ್ಲಿ, ಸುಮಾರು 80 ಶೇಕಡಾ ಹೋಗೋದು ಹಡಗಲ್ಲೇ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಆ ಪೆಟ್ಟಿಗೆ ಬಗ್ಗೆ ಅಲ್ಲ. ಹಡಗು ಹತ್ತಿದ ಕಲಾವಿದರ ಬಗ್ಗೆ, ಹಡಗಿನ ಡೇಟಾ ಬಗ್ಗೆ, ಮತ್ತೆ ಆ ಡೇಟಾದಲ್ಲಿ ಕಾಣದೇ ಹೋಗೋದರ ಬಗ್ಗೆ. ನನಗೆ ಈ ಹುಚ್ಚು ಹತ್ತಿದ್ದು ಯಾಕೆ ಅಂತ ಮೊದಲು ಹೇಳಿಬಿಡ್ತೀನಿ.

2020ರ ಒಂದು ಬೆಳಿಗ್ಗೆ

ನಾನು ಕುಂದಾಪುರದ ಕಡೆಯವಳು. ಈಗ ನವಿ ಮುಂಬೈಯಲ್ಲಿ ಡೇಟಾ ಇಂಜಿನಿಯರ್. ನಮ್ಮ ಅಣ್ಣ ಸರಕು ಹಡಗಲ್ಲಿ ಕೆಲಸ ಮಾಡ್ತಾನೆ. 2019ರ ಕೊನೆಗೆ 9 ತಿಂಗಳ ಕಾಂಟ್ರ್ಯಾಕ್ಟ್ ಮೇಲೆ ಹೋದ. ಆಮೇಲೆ ಏನಾಯ್ತು ಅಂತ ನಿಮಗೆ ಗೊತ್ತು. ಬಂದರುಗಳು ಸರಕು ಇಳಿಸಿಕೊಂಡವು, ಮನುಷ್ಯರನ್ನ ಇಳಿಸಿಕೊಳ್ಳಲಿಲ್ಲ. 2020ರ ಕೊನೆಯ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ಮನೆಗೆ ಬರೋಕಾಗದೆ ಹಡಗಲ್ಲೇ ಇದ್ದರು. ಅವರಲ್ಲಿ ನಮ್ಮ ಅಣ್ಣನೂ ಒಬ್ಬ. 9 ತಿಂಗಳು ಹೋಗಿ 14 ತಿಂಗಳಾಯ್ತು.

ಊರಲ್ಲಿ ಅಮ್ಮ ಒಬ್ಬರೇ. ದಿನಾ ಬೆಳಿಗ್ಗೆ ನನಗೆ ಫೋನ್: "ಹಡಗ್ ಎಲ್ಲಿತ್ತ್ ಹೆಣೆ?" ನಾನು ನಮ್ಮ ಕಸುಬಿನವರು ಮಾಡೋದನ್ನೇ ಮಾಡಿದೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಹಡಗುಗಳ ಸ್ಥಾನ ತೋರಿಸೋ ಜಾಲತಾಣದ ಮಾಹಿತಿ ನೋಡಿ, ಬೆಳಿಗ್ಗೆ 7 ಗಂಟೆಗೆ ಅಮ್ಮನ ವಾಟ್ಸಾಪ್‌ಗೆ ಅಕ್ಷಾಂಶ, ರೇಖಾಂಶ, ಹತ್ತಿರದ ಊರಿನ ಹೆಸರು. ಅಮ್ಮ ಅದನ್ನ ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡೋಕೆ ಶುರು ಮಾಡಿದರು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಸಂಕಷ್ಟಿ, ಅದರ ಪಕ್ಕದಲ್ಲೇ ಅಣ್ಣನ ಹಡಗಿನ ಅಕ್ಷಾಂಶ.

ಎಂಟು ಹತ್ತು ದಿನ ಚೆನ್ನಾಗಿ ನಡೀತು. ಒಂದು ಬೆಳಿಗ್ಗೆ ಹಡಗು ದಡ ಬಿಟ್ಟು ದೂರ ಹೋಯ್ತು. ಸ್ಕ್ರಿಪ್ಟ್ ತನ್ನ ಪಾಡಿಗೆ ತಾನು ಸಂದೇಶ ಕಳಿಸಿತು: "ಸ್ಥಾನ ಲಭ್ಯವಿಲ್ಲ." ನಾನೇ ಬರೆದ ಸಾಲು ಅದು. ಅಮ್ಮನ ಫೋನ್ ಬಂತು, ದನಿ ನಡುಗ್ತಾ ಇತ್ತು: "ಹಡಗ್ ಕಾಂತಿಲ್ಲೆ ಹೆಣೆ, ಎಂತಾಯ್ತ್?"

ನಮ್ಮ ಕೆಲಸದಲ್ಲಿ ನಲ್ ಅಂದರೆ ಏನು? ಆ ಸಾಲನ್ನ ಬಿಟ್ಟು ಮುಂದಕ್ಕೆ ಹೋಗೋದು, ಇಲ್ಲ ಸರಾಸರಿ ತುಂಬೋದು. ಅವತ್ತು ನಮ್ಮಮ್ಮ ನಲ್ ಅನ್ನ ಮಗ ಮುಳುಗಿ ಹೋದ ಅಂತ ಓದಿಕೊಂಡರು. ಹಡಗು ಕ್ಷೇಮವಾಗಿತ್ತು. ದಡದ ರಿಸೀವರ್‌ಗೆ ಸಿಗದಷ್ಟು ದೂರ ಹೋಗಿತ್ತು, ಅಷ್ಟೇ.

ಚುಕ್ಕೆ ಅಂದರೆ ಏನು

ಆ ಚುಕ್ಕೆ ಎಲ್ಲಿಂದ ಬರುತ್ತೆ ಅಂತ ಒಂದು ನಿಮಿಷ ನೋಡೋಣ. ಅದರ ಹೆಸರು ಎಐಎಸ್. ಅಂತರರಾಷ್ಟ್ರೀಯ ಯಾನ ಮಾಡುವ, 300 ಟನ್ನೇಜ್‌ಗಿಂತ ದೊಡ್ಡ ಹಡಗುಗಳೆಲ್ಲ ಇದನ್ನ ಹೊಂದಿರಲೇಬೇಕು. 2004ರ ಕೊನೆಯ ಹೊತ್ತಿಗೆ ಇದು ಪೂರ್ತಿ ಜಾರಿಗೆ ಬಂತು. ಚಲಿಸುವಾಗ ಪ್ರತಿ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದಾಗ 3 ನಿಮಿಷಕ್ಕೊಮ್ಮೆ ಹಡಗು ತನ್ನ ಗುರುತು, ಸ್ಥಾನ, ವೇಗವನ್ನ ವಿಎಚ್ಎಫ್ ರೇಡಿಯೋದಲ್ಲಿ ಕೂಗಿ ಹೇಳುತ್ತೆ. ಮೂಲ ಉದ್ದೇಶ ಒಂದೇ: ಹಡಗಿಗೆ ಹಡಗು ಡಿಕ್ಕಿ ಆಗಬಾರದು. ರೇಡಿಯೋ ಅಲೆ ನೇರವಾಗಿ ಹೋಗೋದರಿಂದ ದಡಕ್ಕೆ ಕೇಳಿಸೋದು ಕೆಲವೇ ಹತ್ತಾರು ನಾಟಿಕಲ್ ಮೈಲಿವರೆಗೆ. ಅದರಾಚೆ ಉಪಗ್ರಹ ಬೇಕು, ಉಪಗ್ರಹದ ಡೇಟಾಗೆ ದುಡ್ಡು ಬೇಕು. ನನ್ನ ಸ್ಕ್ರಿಪ್ಟ್ ಪುಕ್ಕಟೆಯದು.

ಇನ್ನೊಂದು ವಿಷಯ. ಸ್ಥಾನ, ವೇಗ ತಾನಾಗೇ ಹೋಗುತ್ತೆ. ಆದರೆ ಮುಂದಿನ ಬಂದರು ಯಾವುದು, ಹಡಗು ಈಗ ಲಂಗರಿನಲ್ಲಿದೆಯಾ, ಚಲಿಸ್ತಾ ಇದೆಯಾ, ಇದನ್ನ ಬ್ರಿಡ್ಜ್‌ನಲ್ಲಿ ನಿಂತ ಒಬ್ಬ ಮನುಷ್ಯ ಕೈಯಾರೆ ಟೈಪ್ ಮಾಡ್ತಾನೆ. ಆ ಕಾಲಮ್ ತೆಗೆದು ನೋಡಿದರೆ ತಪ್ಪು ಸ್ಪೆಲ್ಲಿಂಗ್, ಹಳೇ ಬಂದರಿನ ಹೆಸರು, ಏನೆಲ್ಲಾ ಸಿಗುತ್ತೆ. ಕ್ಲೀನ್ ಮಾಡುವಾಗ ಬೈಕೊಳ್ತೀವಿ. ಅಣ್ಣ ಹೋದ ಮೇಲೆ ನಾನು ಬೈಯೋದು ನಿಲ್ಲಿಸಿದೆ. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಲ್ಲಿ ಟೈಪ್ ಮಾಡಿದವನು ಯಾರ ಅಣ್ಣನೋ.

ಹಡಗು ಹತ್ತಿದ ಕಲಾವಿದೆ

ಆ ದಿನಗಳಲ್ಲಿ ರಾತ್ರಿ ನಿದ್ದೆ ಬರ್ತಿರಲಿಲ್ಲ. ಹಡಗಿನ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಿದ್ದೆ. ಹಾಗೇ ಕಣ್ಣಿಗೆ ಬಿದ್ದದ್ದು ಕೆನಡಾದ ವ್ಯಾಂಕೂವರ್‌ನ ಆಕ್ಸೆಸ್ ಗ್ಯಾಲರಿ ನಡೆಸಿದ ಒಂದು ಕಲಾವಿದರ ರೆಸಿಡೆನ್ಸಿ. ರೆಸಿಡೆನ್ಸಿ ಅಂದರೆ ಗೊತ್ತಲ್ಲ, ಕಲಾವಿದರಿಗೆ ಇರೋಕೆ ಜಾಗ, ಕೆಲಸ ಮಾಡೋಕೆ ಸಮಯ ಕೊಡೋದು. ಸಾಮಾನ್ಯವಾಗಿ ಬೆಟ್ಟದ ಮೇಲಿನ ಮನೆ, ಹಳೇ ಬಂಗಲೆ. ಇಲ್ಲಿ ಕೊಟ್ಟ ಜಾಗ ಕಂಟೇನರ್ ಹಡಗಿನ ಒಂದು ಕ್ಯಾಬಿನ್. ವ್ಯಾಂಕೂವರ್‌ನಿಂದ ಶಾಂಘೈಗೆ, ಸುಮಾರು 23 ದಿನ. ಕಾರ್ಯಕ್ರಮದ ಹೆಸರೇ "ಕಡಲಿನಲ್ಲಿ ಇಪ್ಪತ್ತಮೂರು ದಿನ" ಅನ್ನೋ ಅರ್ಥದ್ದು.

2016ರ ಆಗಸ್ಟ್ ಕೊನೆಗೆ ಬ್ರಿಟನ್ನಿನ ರೆಬೆಕಾ ಮಾಸ್ ಅನ್ನೋ ಯುವ ಕಲಾವಿದೆ ಹೀಗೆ ಹಾಂಜಿನ್ ಜಿನೀವಾ ಅನ್ನೋ ಹಡಗು ಹತ್ತಿದರು. ಅವರ ಕೆಲಸದ ವಿಷಯ ಹಾಸ್ಯ, ಅಸಂಬದ್ಧತೆ. ಕಾಲು ಜಾರಿ ಬೀಳೋ ತರದ ನಗು ಇದೆಯಲ್ಲ, ಅದು. ಹಡಗು ನಡುಗಡಲಲ್ಲಿ ಇರುವಾಗ, ಆಗಸ್ಟ್ 31ರಂದು, ದಕ್ಷಿಣ ಕೊರಿಯಾದ ಹಾಂಜಿನ್ ಕಂಪನಿ ದಿವಾಳಿ ಅಂತ ಕೋರ್ಟಿಗೆ ಹೋಯ್ತು. ಆಗ ಅದು ಜಗತ್ತಿನ ಹತ್ತು ದೊಡ್ಡ ಕಂಟೇನರ್ ಕಂಪನಿಗಳಲ್ಲಿ ಒಂದು. ಬಂದರಿನವರಿಗೆ ಭಯ, ಇಳಿಸಿದ ಕೂಲಿ ಯಾರು ಕೊಡ್ತಾರೆ ಅಂತ. ಸಾಲಗಾರರು ಹಡಗನ್ನೇ ಜಪ್ತಿ ಮಾಡ್ತಾರೆ ಅನ್ನೋ ಭಯ ಕಂಪನಿಗೆ. ಹೀಗೆ ಹಾಂಜಿನ್‌ನ ಹತ್ತಾರು ಹಡಗುಗಳು ಎಲ್ಲೂ ಹೋಗೋಕಾಗದೆ ನೀರಲ್ಲೇ ನಿಂತವು. ಜಿನೀವಾ ಜಪಾನಿನ ತೀರದಾಚೆ ನಿಂತಿತು. ಅಸಂಬದ್ಧತೆ ಹುಡುಕಿಕೊಂಡು ಹೋದವರ ಮುಂದೆ ಅದಕ್ಕಿಂತ ದೊಡ್ಡ ಅಸಂಬದ್ಧ ಏನು ಬರಬೇಕು? ಸೆಪ್ಟೆಂಬರ್‌ನಲ್ಲಿ ಅವರು ಶಾಂಘೈ ಬದಲು ಟೋಕಿಯೋದಲ್ಲಿ ಇಳಿದರು. ಆ ಅನುಭವದಿಂದ ವಿಡಿಯೋ ಕೃತಿ ಮಾಡಿದರು. 2017ರ ಫೆಬ್ರವರಿಯಲ್ಲಿ ಹಾಂಜಿನ್ ಪೂರ್ತಿ ದಿವಾಳಿ ಆಯ್ತು.

ಈ ಕಥೆ ಓದಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಪತ್ರಿಕೆಗಳು ಆ ಹಡಗಿನ ಬಗ್ಗೆ ಬರೆದದ್ದು ಅದರಲ್ಲಿ ಒಬ್ಬ ಕಲಾವಿದೆ ಇದ್ದಳು ಅನ್ನೋ ಕಾರಣಕ್ಕೆ. ಕೆಲಸಗಾರರು ಮಾತ್ರ ಇದ್ದ ಹಡಗಿನ ಒಳಗೆ ಏನು ನಡೀತಿದೆ ಅಂತ ಎಷ್ಟು ಜನ ಬರೆದರು? ಆದರೆ ಇನ್ನೊಂದು ಕಡೆಯಿಂದ ನೋಡಿದರೆ, ಅವರು ಹೋದದ್ದರಿಂದಲೇ ನನ್ನಂಥವಳಿಗೆ ಒಂದು ವಿಷಯ ತಿಳೀತು. ನಕ್ಷೆಯಲ್ಲಿ ಆ ಹಡಗು ಕೂಡ ಒಂದು ಚುಕ್ಕೆ. ಚುಕ್ಕೆ ನಿಂತಿದೆ ಅಂತ ಡೇಟಾ ಹೇಳುತ್ತೆ. ಯಾಕೆ ನಿಂತಿದೆ, ಒಳಗಿರೋರು ಏನು ಊಟ ಮಾಡ್ತಿದ್ದಾರೆ, ಯಾರಿಗೆ ಫೋನ್ ಮಾಡೋಕೆ ಕಾಯ್ತಿದ್ದಾರೆ, ಅದಕ್ಕೆ ಕಾಲಮ್ ಇಲ್ಲ.

ಮುಂಬೈಯಿಂದ ಒಂದು ಉದಾಹರಣೆ

ಕಾಲಮ್ ಇಲ್ಲದ್ದನ್ನ ಹುಡುಕಿದವರು ನಮ್ಮ ಮುಂಬೈಯಲ್ಲೇ ಇದ್ದಾರೆ. ಶೈನಾ ಆನಂದ್, ಅಶೋಕ್ ಸುಕುಮಾರನ್ ಮತ್ತು ಗೆಳೆಯರು 2007ರಲ್ಲಿ ಶುರು ಮಾಡಿದ ಕ್ಯಾಂಪ್ ಅನ್ನೋ ಸ್ಟುಡಿಯೋ. 2009ರಲ್ಲಿ ಶಾರ್ಜಾ ಬಿಯೆನಾಲೆಗೆ ಇವರು "ವಾರ್ಫೇಜ್" ಅನ್ನೋ ಕೆಲಸ ಮಾಡಿದರು. ಶಾರ್ಜಾದ ಕ್ರೀಕ್‌ನಿಂದ ಸೊಮಾಲಿಯಾದ ಬಂದರುಗಳಿಗೆ ಮರದ ಹಡಗುಗಳು ಹೋಗ್ತವೆ. ಅವುಗಳಲ್ಲಿ ಎಷ್ಟೋ ಗುಜರಾತಿನ ಕಛ್ ತೀರದಲ್ಲಿ ಕಟ್ಟಿದವು. ನಮ್ಮ ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವ ಮಂಜಿ ನೋಡಿದ್ದೀರಲ್ಲ, ಆ ಬಳಗದವು. ಆ ಹಡಗುಗಳಲ್ಲಿ ಏನೇನು ಹೋಗುತ್ತೆ ಅನ್ನೋ ಪಟ್ಟಿಯನ್ನೇ ಒಂದು ಪುಸ್ತಕ ಮಾಡಿದರು. ಜೊತೆಗೆ ಬಂದರಿನಲ್ಲೇ ರೇಡಿಯೋ ಪ್ರಸಾರ ಮಾಡಿದರು. ಸರಕಿನ ಪಟ್ಟಿ ಅಂದರೆ ನಮ್ಮ ಭಾಷೆಯಲ್ಲಿ ಒಂದು ಟೇಬಲ್. ಅದನ್ನ ಸಾಲಾಗಿ ಓದ್ತಾ ಹೋದರೆ ಒಂದು ದೇಶದ ಅಡುಗೆಮನೆ, ಅಂಗಡಿ, ಕಟ್ಟಡ ಎಲ್ಲ ಕಣ್ಣ ಮುಂದೆ ಬರುತ್ತೆ.

ನಾಲ್ಕು ವರ್ಷ ಆದಮೇಲೆ, 2013ರಲ್ಲಿ, ಇವರದ್ದೇ "ಫ್ರಮ್ ಗಲ್ಫ್ ಟು ಗಲ್ಫ್ ಟು ಗಲ್ಫ್" ಅನ್ನೋ ಸಿನಿಮಾ ಬಂತು. ಅದರಲ್ಲಿ ಬಹುಪಾಲು ನಾವಿಕರೇ ತಮ್ಮ ಮೊಬೈಲಲ್ಲಿ ತೆಗೆದ ವಿಡಿಯೋಗಳು. ಅವಕ್ಕೆ ಅವರೇ ಜೋಡಿಸಿಕೊಂಡ ಹಾಡುಗಳು. ಎದುರಿಗೆ ಹೋಗೋ ಹಡಗು, ಡೆಕ್ ಮೇಲಿನ ಆಡುಗಳು, ಡಾಲ್ಫಿನ್, ಬೆಂಕಿ ಬಿದ್ದ ಹಡಗು. ಸಮುದ್ರದಲ್ಲಿ ಕೆಲಸ ಮಾಡುವವನು ಸಮುದ್ರವನ್ನ ಹೇಗೆ ನೋಡ್ತಾನೆ ಅನ್ನೋದು ಅದರಲ್ಲಿದೆ. ನಾನು ಅದನ್ನ ನೋಡಿದ ರಾತ್ರಿ ಅಣ್ಣನಿಗೆ ಮೆಸೇಜ್ ಹಾಕಿದೆ: ನೀನೂ ಏನಾದರೂ ರೆಕಾರ್ಡ್ ಮಾಡು ಅಂತ. ನಾಲ್ಕು ದಿನ ಬಿಟ್ಟು ಉತ್ತರ ಬಂತು: "ಎಂತ ರೆಕಾರ್ಡ್ ಮಾಡೋದು? ನೀರು."

ತಿಮಿಂಗಿಲಕ್ಕೆ ಎಐಎಸ್ ಇಲ್ಲ

ಹಡಗಿನ ಡೇಟಾ ಇಟ್ಟುಕೊಂಡು ಮಾಡಿದ ಚಿತ್ರಗಳಲ್ಲಿ ಬಹಳ ಜನ ನೋಡಿರೋದು ಶಿಪ್‌ಮ್ಯಾಪ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಎನರ್ಜಿ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ಕಿಲ್ನ್ ಅನ್ನೋ ಸ್ಟುಡಿಯೋ 2016ರಲ್ಲಿ ಮಾಡಿದ್ದು. 2012ರ ಒಂದು ವರ್ಷದ ಹಡಗುಗಳೆಲ್ಲ ಬಣ್ಣಬಣ್ಣದ ಚುಕ್ಕೆಗಳಾಗಿ ಹರಿದಾಡ್ತವೆ. ಭೂಮಿಯ ಗೆರೆಗಳನ್ನ ತೆಗೆದರೂ ಖಂಡಗಳ ಆಕಾರ ಕಾಣುತ್ತೆ, ಅಷ್ಟು ಹಡಗು. ಪಕ್ಕದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಹೊರಬಿತ್ತು ಅನ್ನೋ ಮೀಟರ್ ಓಡ್ತಾ ಇರುತ್ತೆ. ಆ ಮೀಟರ್ ಇಲ್ಲದಿದ್ದರೆ ಅದು ಬರೀ ದೀಪಾವಳಿ.

ಈ ಚುಕ್ಕೆಗಳನ್ನ ಶ್ರೀಲಂಕಾದ ದಕ್ಷಿಣಕ್ಕೆ ಸರಿಸಿ ನೋಡಿ. ದೋಂದ್ರಾ ಭೂಶಿರದ ಹತ್ತಿರ ಚುಕ್ಕೆಗಳು ಸೇರಿ ಒಂದು ಹಗ್ಗದ ತರ ಆಗುತ್ತೆ. ಜಗತ್ತಿನ ಅತ್ಯಂತ ದಟ್ಟಣೆಯ ಹಡಗು ದಾರಿಗಳಲ್ಲಿ ಅದೊಂದು. ಅದೇ ನೀರು ನೀಲಿ ತಿಮಿಂಗಿಲಗಳು ಮೇಯುವ ಜಾಗ. ಹಡಗಿನ ಮುಂಭಾಗ ಬಡಿದು ತಿಮಿಂಗಿಲಗಳು ಸಾಯ್ತವೆ. ಡಾಕರ್ ಲೋಗೋದಲ್ಲಿ ತಿಮಿಂಗಿಲ ಕಂಟೇನರ್ ಹೊತ್ತು ನಗ್ತಾ ಇರುತ್ತೆ, ಇಲ್ಲಿ ಕಂಟೇನರ್ ಹಡಗು ತಿಮಿಂಗಿಲದ ಮೇಲೆ ಹೋಗುತ್ತೆ. ವಿಜ್ಞಾನಿಗಳು ಎರಡು ಪದರ ಒಂದರ ಮೇಲೊಂದು ಇಟ್ಟರು: ತಿಮಿಂಗಿಲ ಎಲ್ಲೆಲ್ಲಿ ಕಂಡವು, ಹಡಗು ಎಲ್ಲೆಲ್ಲಿ ಹೋದವು. ದಾರಿಯನ್ನ ಸ್ವಲ್ಪ ದಕ್ಷಿಣಕ್ಕೆ ಸರಿಸಿದರೆ ಅಪಾಯ ಬಹಳ ಕಡಿಮೆ ಆಗುತ್ತೆ ಅಂತ ಕಂಡಿತು. 2022ರಲ್ಲಿ ಎಂಎಸ್‌ಸಿ ಕಂಪನಿ ತನ್ನ ಹಡಗುಗಳ ದಾರಿಯನ್ನ ಹಾಗೆ ದಕ್ಷಿಣಕ್ಕೆ ಬದಲಿಸಿತು. ಎರಡು ಟೇಬಲ್‌ಗಳ ಒಂದು ಜಾಯಿನ್. ನಾವು ದಿನಾ ಮಾಡೋ ಕೆಲಸ!

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಬೇ ಆಫ್ ಫಂಡಿಯಲ್ಲಿ ಹಡಗು ಸಂಚಾರ ಕೆಲವು ದಿನ ಕುಸಿಯಿತು. ನೀರೊಳಗಿನ ಸದ್ದು 6 ಡೆಸಿಬಲ್ ಇಳೀತು. ಆ ಹೊತ್ತಿನಲ್ಲಿ ವಿಜ್ಞಾನಿಗಳು ಬೇರೆ ಕೆಲಸಕ್ಕೆ ಅಂತ ರೈಟ್ ತಿಮಿಂಗಿಲಗಳ ಸಗಣಿ ಸಂಗ್ರಹ ಮಾಡ್ತಾ ಇದ್ದರು. ಅದನ್ನ ವಾಸನೆಯಿಂದ ಹುಡುಕೋಕೆ ತರಬೇತಿ ಪಡೆದ ನಾಯಿಗಳನ್ನ ಬಳಸಿದ ತಂಡ ಇದು. ಎಷ್ಟೋ ವರ್ಷ ಆದಮೇಲೆ ಎರಡೂ ಡೇಟಾ ಸೇರಿಸಿ ನೋಡಿದರು. ಸದ್ದು ಕಡಿಮೆ ಆದ ದಿನಗಳಲ್ಲಿ ತಿಮಿಂಗಿಲಗಳ ಒತ್ತಡದ ಹಾರ್ಮೋನ್ ಕೂಡ ಕಡಿಮೆ ಇತ್ತು. 2012ರಲ್ಲಿ ಅದು ಪ್ರಕಟ ಆಯ್ತು. ಹಡಗಿನ ಸದ್ದು ಅವಕ್ಕೆ ಎಷ್ಟು ಹಿಂಸೆ ಅನ್ನೋದು, ಸದ್ದು ನಿಂತ ಕೆಲವೇ ದಿನಗಳ ಖಾಲಿಯಿಂದ ಗೊತ್ತಾಯ್ತು. ನಾರ್ವೆಯ ಯಾನಾ ವಿಂಡೆರೆನ್ ಅನ್ನೋ ಧ್ವನಿ ಕಲಾವಿದೆ ನೀರೊಳಗೆ ಹೈಡ್ರೋಫೋನ್ ಇಳಿಸಿ, ಮೀನು, ಸಿಗಡಿಗಳ ಸದ್ದನ್ನ ನಮಗೆ ಕೇಳಿಸ್ತಾರೆ. ನಾವು ಮೌನ ಅಂದುಕೊಂಡ ಕಡಲು ಸಂತೆಯಷ್ಟು ಗಲಾಟೆಯದು. ಅದರ ಮೇಲೆ ನಮ್ಮ ಹಡಗಿನ ಗಲಾಟೆ.

ನಮ್ಮ ತೀರಕ್ಕೂ ಬರೋಣ. 2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿತು. 640 ಕಂಟೇನರ್ ಇದ್ದವು. ಕೆಲವೇ ದಿನಗಳಲ್ಲಿ ತಿರುವನಂತಪುರದ ಕಡಲತೀರದಲ್ಲಿ ಸಬ್ಬಕ್ಕಿಯಂಥ ಬಿಳಿ ಪ್ಲಾಸ್ಟಿಕ್ ಕಾಳುಗಳು ರಾಶಿ ರಾಶಿ ಬಂದು ಬಿದ್ದವು. ಸ್ವಯಂಸೇವಕರು ಮರಳನ್ನ ಜರಡಿ ಹಿಡಿದರು. ಹಡಗಿನ ಚುಕ್ಕೆ ಅವತ್ತೇ ನಿಂತುಹೋಯ್ತು. ಕಾಳುಗಳು ಮಾತ್ರ ಹೋಗ್ತಾನೇ ಇದ್ದವು, ಅವಕ್ಕೆ ಯಾವ ಎಐಎಸ್ಸೂ ಇಲ್ಲ.

ಇನ್ನೊಂದನ್ನ ಹೇಳದೇ ಇದ್ದರೆ ನನ್ನ ಊರಿನವರಿಗೆ ಮುಖ ತೋರಿಸೋಕೆ ಆಗಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಸುವರ್ಣ ತ್ರಿಭುಜ ಅನ್ನೋ ಬೋಟು 7 ಜನ ಮೀನುಗಾರರ ಜೊತೆ ಹೊರಟಿತು. ಒಂದೆರಡು ದಿನದಲ್ಲಿ ಸಂಪರ್ಕ ತಪ್ಪಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಆಚೆ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ನಾಲ್ಕೂವರೆ ತಿಂಗಳು ಏಳು ಮನೆಗಳವರು "ಸ್ಥಾನ ಲಭ್ಯವಿಲ್ಲ" ಅನ್ನೋದನ್ನ ದಿನಾ ಓದಿದರು. ಆ ಬೆಳಿಗ್ಗೆ ಅಮ್ಮನ ದನಿ ಯಾಕೆ ಹಾಗೆ ನಡುಗಿತು ಅಂತ ನನಗೆ ಆಮೇಲೆ ಹೊಳೀತು. ಕರಾವಳಿಯಲ್ಲಿ ಆ ಸುದ್ದಿಯನ್ನ ಯಾರೂ ಮರೆತಿರಲಿಲ್ಲ.

ನಾನು ಮಾಡಿದ ಸಣ್ಣ ಕೆಲಸ

ಅವತ್ತು ಸ್ಕ್ರಿಪ್ಟ್‌ನಲ್ಲಿ ಒಂದೇ ಸಾಲು ಬದಲಿಸಿದೆ. "ಸ್ಥಾನ ಲಭ್ಯವಿಲ್ಲ" ತೆಗೆದು ಹೀಗೆ ಬರೆದೆ: "ಹಡಗು ದಡದಿಂದ ದೂರ ಇದೆ, ರೇಡಿಯೋಗೆ ಸಿಗ್ತಾ ಇಲ್ಲ. ಕೊನೆಗೆ ಕಂಡದ್ದು ಇಂಥಾ ಕಡೆ, ಮತ್ತೆ ಇಂಥಾ ದಿನದ ಹೊತ್ತಿಗೆ ಕಾಣಬಹುದು." ಇಪ್ಪತ್ತು ನಿಮಿಷದ ಕೆಲಸ. ನಾನು ಕಟ್ಟಿದ ಎಷ್ಟೋ ಡ್ಯಾಶ್‌ಬೋರ್ಡ್‌ಗಳಿಗಿಂತ ಅದರಿಂದ ಒಬ್ಬರಿಗೆ ಹೆಚ್ಚು ಉಪಕಾರ ಆಗಿದೆ.

ಅಣ್ಣ 2021ರಲ್ಲಿ ಮನೆಗೆ ಬಂದ. ಅಷ್ಟರಲ್ಲಿ ನನ್ನ ಹತ್ತಿರ 14 ತಿಂಗಳ ಲಾಗ್ ಇತ್ತು. ಅಮ್ಮನ ಹತ್ತಿರ ಕ್ಯಾಲೆಂಡರ್ ಹಾಳೆಗಳು. ಅವರು ಅಕ್ಷಾಂಶದ ಪಕ್ಕದಲ್ಲಿ "ಫೋನ್ ಬಂತು", "ಬರಲಿಲ್ಲ", "ದನಿ ಸೋತಿತ್ತು" ಅಂತೆಲ್ಲ ಬರೆದಿದ್ದರು. ನಾನು ಎರಡನ್ನೂ ದಿನಾಂಕದ ಮೇಲೆ ಜೋಡಿಸಿ ಉದ್ದನೆಯ ಕಾಗದದ ಮೇಲೆ ಪ್ರಿಂಟ್ ಹಾಕಿಸಿದೆ. ಮೇಲೆ ಹಡಗಿನ ದಾರಿ, ಕೆಳಗೆ ಅಮ್ಮನ ಅಕ್ಷರ. ಡೇಟಾ ಇಲ್ಲದ ದಿನಗಳನ್ನ ತುಂಬಲಿಲ್ಲ, ಖಾಲಿ ಬಿಟ್ಟೆ. ಬೋಸ್ಟನ್ನಿನ ನಥಾಲಿ ಮೀಬಾಕ್ ಅನ್ನೋ ಕಲಾವಿದೆ ಹವಾಮಾನದ ಅಂಕಿಗಳನ್ನ ಬುಟ್ಟಿ ಹೆಣೆದ ಹಾಗೆ ಬೆತ್ತದಲ್ಲಿ ಹೆಣೀತಾರೆ. ನನಗೆ ಅಷ್ಟು ಕೈಚಳಕ ಇಲ್ಲ. ನಾನು ಮಾಡಿದ್ದನ್ನ ಕಲೆ ಅಂತ ಹೇಳೋಕೂ ಸಂಕೋಚ.

ಕಾಗದವನ್ನ ಜಗಲಿಯಲ್ಲಿ ಹಾಸಿದೆ. ಅಣ್ಣ ಕೂತು ಪೂರ್ತಿ ನೋಡಿದ. ಆಮೇಲೆ ಪೆನ್ಸಿಲ್ ಕೇಳಿದ. ಖಾಲಿ ಜಾಗಗಳಲ್ಲಿ ಬರೀತಾ ಹೋದ. ಒಂದು ಕಡೆ "ಅಡುಗೆಯವನ ಮಗಳು ಹುಟ್ಟಿದ ಸುದ್ದಿ". ಒಂದು ಕಡೆ "ರಾತ್ರಿ ಪೂರ್ತಿ ಕಡಲು ಹೊಳೀತು". ಇನ್ನೊಂದು ಕಡೆ "ತಿಮಿಂಗಿಲ, ಎರಡು, ಬಲಗಡೆ". ನೀರು ಬಿಟ್ಟರೆ ಏನೂ ಇಲ್ಲ ಅಂದಿದ್ದವನು!

ನವೆಂಬರ್ ತಿಂಗಳಲ್ಲಿ 11 ದಿನದ ಒಂದು ಖಾಲಿ ಇತ್ತು. ಅಲ್ಲಿ ಪೆನ್ಸಿಲ್ ನಿಂತಿತು. ಇಲ್ಲಿ ಏನಾಯ್ತು ಅಣ್ಣಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹಾಗೇ ಇರಲಿ ಬಿಡು" ಅಂದ. ಅಮ್ಮ ಒಳಗಿಂದ ಬಂದು ನೋಡಿದರು. ಆ 11 ದಿನವೂ ಕೆಳಗಿನ ಸಾಲಲ್ಲಿ ಅವರದ್ದೇ ಅಕ್ಷರದಲ್ಲಿ "ಬರಲಿಲ್ಲ, ಬರಲಿಲ್ಲ" ಅಂತ ಇತ್ತು. ಅವರೂ ಏನೂ ಕೇಳಲಿಲ್ಲ.

ಕೋವಿಡ್ ನಂತರ ಸರಕು ಹಡಗಿನಲ್ಲಿ ಹೊರಗಿನವರನ್ನ ಹತ್ತಿಸಿಕೊಳ್ಳೋದು ತುಂಬಾ ಕಡಿಮೆ ಆಗಿದೆ. ಹಾಗಾಗಿ ಹಡಗು ಹತ್ತಿ ಕಲೆ ಮಾಡಿ ಅಂತ ನಿಮಗೆ ನಾನು ಹೇಳಲ್ಲ. ಆದರೆ ನೀವೆಲ್ಲ ಮುಂಬೈ, ಚೆನ್ನೈ ತರದ ಬಂದರು ಊರುಗಳಲ್ಲಿ ಇದ್ದೀರಿ, ಇಲ್ಲ ಬಂದರಿನಿಂದ ಬಂದ ಸಾಮಾನು ದಿನಾ ತರಿಸಿಕೊಳ್ಳೋ ಪುಣೆ, ಹೈದರಾಬಾದ್, ದೆಹಲಿಯಲ್ಲಿ ಇದ್ದೀರಿ. ನಾಳೆ ಕೆಲಸಕ್ಕೆ ಕೂತಾಗ ಟೇಬಲ್‌ನಲ್ಲಿ ಒಂದು ನಲ್ ಬಂದರೆ, ಅದನ್ನ ಅಳಿಸೋ ಮೊದಲು, ಆ ಸಾಲಿನಲ್ಲಿ ಯಾರಿದ್ದರು ಅಂತ ಒಂದು ಸಲ ಕೇಳಿ. ಉತ್ತರ ಸಿಗದೇ ಇದ್ದರೆ ಆ ಜಾಗ ಖಾಲಿ ಇರಲಿ.

ಅಣ್ಣ ಈಗ ಮತ್ತೆ ಹಡಗಲ್ಲಿದ್ದಾನೆ. ಇವತ್ತು ಬೆಳಿಗ್ಗೆ 7 ಗಂಟೆಗೂ ಸಂದೇಶ ಹೋಗಿದೆ: ಹಡಗು ದಡದಿಂದ ದೂರ ಇದೆ, ಶುಕ್ರವಾರದ ಹೊತ್ತಿಗೆ ಕಾಣಬಹುದು. ಅಮ್ಮ ಬರೆದುಕೊಂಡಿರ್ತಾರೆ.